ಮೇ, ಮ್ಯಾಟ್ಸ್ ಇಬ್ಬರೇನಾ? ರೆಡ್ ಸಾಕ್ಸ್ ಡೆಡ್‌ಲೈನ್ ಲೆಕ್ಕ ಯಾರಾದ್ರೂ ಬಿಡಿಸಿ ಹೇಳಿ

ಹಸಿರುಗೋಡೆ:

ಜಗಳ ತೆಗೆಯೋಕೆ ಈ ಥ್ರೆಡ್ ಅಲ್ಲ. ಲೆಕ್ಕ ಬೇಕು, ಅಷ್ಟೆ.

2025ರ ಜುಲೈ 31, ಅಮೆರಿಕದ ಪೂರ್ವ ಕರಾವಳಿಯಲ್ಲಿ ಸಂಜೆ 6 ಗಂಟೆ. ಬೆಂಗಳೂರಲ್ಲಿ ಬೆಳಗಿನ ಜಾವ ಮೂರೂವರೆ. ಅಮೆರಿಕದ ಬೇಸ್‌ಬಾಲ್ ತಂಡಗಳು ಆಟಗಾರರನ್ನ ಅದಲುಬದಲು ಮಾಡೋ ಕೊನೇ ಗಡುವು, ಅಂದ್ರೆ ಟ್ರೇಡ್ ಡೆಡ್‌ಲೈನ್, ಬಾಗಿಲು ಮುಚ್ಚಿದಾಗ ನಮ್ಮ ಬಾಸ್ಟನ್ ರೆಡ್ ಸಾಕ್ಸ್ ಬುಟ್ಟಿಯಲ್ಲಿದ್ದದ್ದು ಇಬ್ಬರು. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನಿಂದ ಎಡಗೈ ರಿಲೀವರ್ (ಪಂದ್ಯದ ನಡುವೆ ಬಂದು ಎಸೆಯೋ ಪಿಚರ್) ಸ್ಟೀವನ್ ಮ್ಯಾಟ್ಸ್, ಅವನಿಗೆ ಬದಲಾಗಿ ಬ್ಲೇಜ್ ಜೋರ್ಡನ್. ಡಾಡ್ಜರ್ಸ್‌ನಿಂದ ಸ್ಟಾರ್ಟರ್ (ಪಂದ್ಯ ಶುರು ಮಾಡೋ ಪಿಚರ್) ಡಸ್ಟಿನ್ ಮೇ, ಅವನಿಗೆ ಬದಲಾಗಿ ಜೇಮ್ಸ್ ಟಿಬ್ಸ್ ಮತ್ತು ಜ್ಯಾಕ್ ಎರ್‌ಹಾರ್ಡ್. ಈ ಟಿಬ್ಸ್ ಯಾರು ಗೊತ್ತಲ್ಲ? ಜೂನ್ 15ಕ್ಕೆ ನಮ್ಮ ದೊಡ್ಡ ಬ್ಯಾಟರ್ ರಫೇಲ್ ಡೆವರ್ಸ್‌ನ ಸ್ಯಾನ್ ಫ್ರಾನ್ಸಿಸ್ಕೋಗೆ ಕಳಿಸಿದಾಗ ಬಂದ ನಾಲ್ವರಲ್ಲಿ ಒಬ್ಬ. ಏಳು ವಾರ ತುಂಬೋ ಮೊದಲೇ ಅವನೂ ಹೋದ.

ಎಲ್ಲರೂ ಕಾಯ್ತಾ ಇದ್ದದ್ದು ಮಿನೆಸೋಟದ ಸ್ಟಾರ್ಟರ್ ಜೋ ರಯಾನ್‌ಗೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು. ಕೊನೆಗೆ ಅಕ್ಟೋಬರ್ 2ರಂದು ಪ್ಲೇಆಫ್‌ನಲ್ಲಿ ಯಾಂಕೀಸ್ ವಿರುದ್ಧದ ನಿರ್ಣಾಯಕ ಮೂರನೇ ಪಂದ್ಯಕ್ಕೆ ಚೆಂಡು ಹಿಡಿದು ನಿಂತವನು ಸೆಪ್ಟೆಂಬರ್ 9ಕ್ಕೆ ಪದಾರ್ಪಣೆ ಮಾಡಿದ ಕಾನಲಿ ಅರ್ಲಿ. ಆ ಪಂದ್ಯ ಸೋತ್ವಿ, ಆದ್ರೆ ಹುಡುಗನ ಮೇಲೆ ತಪ್ಪು ಹೊರಿಸ್ತಿಲ್ಲ. ಅವನನ್ನ ಆ ಜಾಗಕ್ಕೆ ತಂದು ನಿಲ್ಲಿಸಿದ ಲೆಕ್ಕ ಕೇಳ್ತಿದ್ದೀನಿ.

ಇಂಥ ಸಣ್ಣ ಡೀಲ್‌ನ ಅಳೆಯೋದು ಹೇಗೆ? ದೊಡ್ಡದು ಯಾಕೆ ಆಗ್ಲಿಲ್ಲ? ಮುಂದಿನ ಸಲ ಅದೇ ದಿನವೇ, ಫಲಿತಾಂಶ ಬರೋಕೆ ಮುಂಚೆ, ಏನು ನೋಡಿದ್ರೆ ಒಳ್ಳೇದೋ ಕೆಟ್ಟದ್ದೋ ಅಂತ ಗೊತ್ತಾಗುತ್ತೆ? "ಓನರ್ ಜಿಪುಣ" ಅನ್ನೋ ಉತ್ತರ ಬೇಡ, ಅದು ಎಲ್ಲಾ ಕಡೆ ಸಿಗುತ್ತೆ.


ಲೆಕ್ಕದ ಮೇಷ್ಟ್ರು:

ಮೊದಲು ಎರಡೂ ಡೀಲ್‌ಗಳನ್ನ ಬಿಡಿಸಿ ಇಡಿ. ಒಂದೇ ಗಂಟು ಕಟ್ಟಿ ಬೈದ್ರೆ ಏನೂ ತಿಳಿಯಲ್ಲ. ಮ್ಯಾಟ್ಸ್ ಡೀಲ್ ಚೆನ್ನಾಗಿತ್ತು. ಮೇ ಡೀಲ್ ಕೆಟ್ಟದ್ದು, ಮತ್ತೆ ಅದು ಕೆಟ್ಟದ್ದು ಅಂತ ಆ ದಿನವೇ ಹೇಳಬಹುದಿತ್ತು.

ಮ್ಯಾಟ್ಸ್: ಕಾರ್ಡಿನಲ್ಸ್‌ನಲ್ಲಿ 3.44 ಇಆರ್‌ಎ (9 ಇನಿಂಗ್ಸ್‌ಗೆ ಪಿಚರ್ ಲೆಕ್ಕಕ್ಕೆ ಬೀಳೋ ಸರಾಸರಿ ರನ್, ಕಮ್ಮಿ ಇದ್ದಷ್ಟೂ ಒಳ್ಳೇದು). ಬಾಸ್ಟನ್‌ಗೆ ಬಂದ ಮೇಲೆ 21 ಪಂದ್ಯ, 21.2 ಇನಿಂಗ್ಸ್, 2.08. ಕ್ರಿಕೆಟ್ ಕಣ್ಣಲ್ಲಿ ನೋಡೋರಿಗೆ ಒಂದು ಮಾತು: ಓವರ್ ಬರೆಯೋ ಥರಾನೇ ಇಲ್ಲೂ ಚುಕ್ಕಿ ದಶಮಾಂಶ ಅಲ್ಲ. 21.2 ಅಂದ್ರೆ 21 ಇನಿಂಗ್ಸ್ ಮತ್ತು 2 ಔಟ್. ಒಂದು ಇನಿಂಗ್ಸ್‌ಗೆ 3 ಔಟ್, ಹಾಗಾಗಿ ಗುಣಿಸುವಾಗ 21.67 ಅಂತ ಹಿಡೀಬೇಕು. ಅವನ ಲೆಕ್ಕಕ್ಕೆ ಬಿದ್ದ ರನ್ 5. 5 ಗುಣಿಸು 9, ಭಾಗಿಸು 21.67. ಬಂತು 2.08.

ಅವನಿಗೆ ಕೊಟ್ಟ ಜೋರ್ಡನ್ 2020ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನ ಆರಿಸೋದು) ಮೂರನೇ ಸುತ್ತಿನವನು, ಬಾಸ್ಟನ್‌ನ ಕಿರಿಯ ತಂಡ ವೂಸ್ಟರ್‌ನಲ್ಲಿ ಟ್ರಿಪಲ್-ಎ, ಅಂದ್ರೆ ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗೆ, ಆಡ್ತಿದ್ದ. ಮೊದಲ, ಮೂರನೇ ಬೇಸ್‌ಗಳಲ್ಲಷ್ಟೇ ನಿಲ್ಲಬಲ್ಲ ಬ್ಯಾಟರ್. ಎರಡು ತಿಂಗಳ ಬಾಡಿಗೆಗೆ ಒಬ್ಬ ಎಡಗೈ ರಿಲೀವರ್, ಅದಕ್ಕೆ ಇಂಥ ಒಬ್ಬ. ಮಾರುಕಟ್ಟೆ ದರ ಅದು. ಮೋಸವೂ ಇಲ್ಲ, ಲಾಟರಿಯೂ ಇಲ್ಲ.

ಈಗ ಮೇ. ಡಾಡ್ಜರ್ಸ್ ಪರ 104 ಇನಿಂಗ್ಸ್, ಇಆರ್‌ಎ 4.85. ಆ 104 ಅನ್ನೋ ಸಂಖ್ಯೆ ಮೇಲೆ ಬೆರಳಿಡಿ. ಅದಕ್ಕೆ ಮುಂಚೆ ಮೇಜರ್ ಲೀಗ್‌ನಲ್ಲಿ ಒಂದೇ ವರ್ಷ ಅವನು ಹಾಕಿದ್ದ ಅತಿ ಹೆಚ್ಚು 56 ಇನಿಂಗ್ಸ್, 2020ರಲ್ಲಿ. 2021ರಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ (ಹರಿದ ಅಸ್ಥಿರಜ್ಜು ಬದಲಿಸೋದು), 2023ರಲ್ಲಿ ಅದೇ ಮೊಣಕೈಗೆ ಇನ್ನೊಂದು, 2024ರಲ್ಲಿ ಅನ್ನನಾಳ ಹರಿದು ಇಡೀ ವರ್ಷ ಹೋಯ್ತು. ಅಂಥ ತೋಳು ಜುಲೈ ಕೊನೆಗೇ ತನ್ನ ಹಳೆಯ ಗರಿಷ್ಠದ ಹತ್ತಿರ ಹತ್ತಿರ ಎರಡರಷ್ಟು ದುಡಿದಿತ್ತು. ನಾವು ಕೊಂಡಿದ್ದು ಆ ತೋಳಿನ ಆಗಸ್ಟ್ ಮತ್ತು ಸೆಪ್ಟೆಂಬರ್. ಬಾಸ್ಟನ್‌ನಲ್ಲಿ 28.1 ಇನಿಂಗ್ಸ್, 17 ರನ್, ಇಆರ್‌ಎ 5.40, ಆಮೇಲೆ ಮೊಣಕೈ ನರದ ಉರಿಯೂತ ಅಂತ ಗಾಯಾಳು ಪಟ್ಟಿ. ಪ್ಲೇಆಫ್ ಹೊತ್ತಿಗೆ ಇಲ್ಲ.

ಇನ್ನೊಂದು ಸುಳಿವು: ಕೊಟ್ಟವರು ಯಾರು, ಯಾಕೆ ಕೊಟ್ಟರು? ಡಾಡ್ಜರ್ಸ್ ಕೂಡ ಪ್ರಶಸ್ತಿ ಬೆನ್ನತ್ತಿದ ತಂಡ. ಅವರ ಸ್ಟಾರ್ಟರ್‌ಗಳಲ್ಲಿ ಗ್ಲಾಸ್ನೌ ವಾಪಸ್ ಬಂದಿದ್ದ, ಸ್ನೆಲ್ ಬರೋದ್ರಲ್ಲಿದ್ದ, ಒಹ್ತಾನಿ ಮತ್ತೆ ಪಿಚ್ ಮಾಡೋಕೆ ಶುರು ಮಾಡಿದ್ದ. ಮೇಗೆ ಅಲ್ಲಿ ಜಾಗ ಇರ್ಲಿಲ್ಲ. ಗೆಲ್ಲೋಕೆ ಹೊರಟ ತಂಡ ಡೆಡ್‌ಲೈನ್ ದಿನ ತನ್ನ ಸ್ಟಾರ್ಟರ್‌ನ ಮಾರ್ತಿದೆ ಅಂದ್ರೆ, ಅವನನ್ನ ಅವರು ತಮ್ಮ ಆರನೆಯವನೋ ಏಳನೆಯವನೋ ಅಂತ ಎಣಿಸಿದ್ದಾರೆ ಅಂತ ಅರ್ಥ. ನಮಗೆ ಬೇಕಿದ್ದದ್ದು ಎರಡನೆಯವನು.

ದೊಡ್ಡದು ಯಾಕೆ ಆಗ್ಲಿಲ್ಲ ಅಂದ್ರೆ, ಮಾರೋರೇ ಕಮ್ಮಿ. 2022ರಿಂದ 12 ತಂಡ ಪ್ಲೇಆಫ್‌ಗೆ ಹೋಗುತ್ವೆ, ಪ್ರತಿ ಲೀಗ್‌ಗೆ 3 ವೈಲ್ಡ್ ಕಾರ್ಡ್ (ಡಿವಿಷನ್ ಗೆಲ್ಲದಿದ್ರೂ ಸಿಗೋ ಜಾಗ). ನಾಲ್ಕೈದು ಪಂದ್ಯ ಹಿಂದಿರೋ ತಂಡಕ್ಕೂ ಜುಲೈ ಕೊನೆಯಲ್ಲಿ ಆಸೆ ಇರುತ್ತೆ. 2019ಕ್ಕೆ ಮುಂಚೆ ಆಗಸ್ಟ್‌ನಲ್ಲೂ ವೇವರ್ ದಾಟಿಸಿ (ಬೇರೆ ತಂಡಗಳಿಗೆ ಮೊದಲು ಎತ್ಕೊಳ್ಳೋ ಅವಕಾಶ ಕೊಟ್ಟು) ಟ್ರೇಡ್ ಮಾಡೋ ಹಿಂಬಾಗಿಲಿತ್ತು, ಅದನ್ನೂ ಮುಚ್ಚಿದ್ರು. ಕೊಳ್ಳೋರು ಇಪ್ಪತ್ತು, ಮಾರೋರು ಐದಾರು. ಸಂತೆಯಲ್ಲಿ ಬೆಲೆ ಎತ್ತ ಹೋಗುತ್ತೆ ನೀವೇ ಹೇಳಿ.

ರಯಾನ್ ವಿಷಯ ಬೇರೆ. ಮಿನೆಸೋಟ ಆ ವಾರ 26 ಜನರ ಪಟ್ಟಿಯಿಂದಲೇ 10 ಆಟಗಾರರನ್ನ ಮಾರಿತು. ಕೊರೆಯಾ, ಡುರಾನ್, ಜ್ಯಾಕ್ಸ್, ಬುಲ್‌ಪೆನ್ (ರಿಲೀವರ್‌ಗಳ ಪಡೆ) ಪೂರ್ತಿ ಗುಡಿಸಿ ಹಾಕಿತು. ಆದ್ರೆ ರಯಾನ್‌ನ ಇಟ್ಟುಕೊಂಡಿತು. ಕಾರಣ, ಅವನ ಮೇಲೆ ಹಕ್ಕು 2027ರ ತನಕ ಇದೆ. ಅಂದ್ರೆ ಮೂರು ಅಕ್ಟೋಬರ್‌ಗಳ ಬೆಲೆ ಕೇಳ್ತಾರೆ. ಅಂಥವನಿಗೆ ಟಿಬ್ಸ್, ಎರ್‌ಹಾರ್ಡ್ ಥರದ ಹೆಸರು ಹೇಳಿದ್ರೆ ಫೋನ್ ಇಡ್ತಾರೆ. ಅರ್ಲಿ, ಪೇಟನ್ ಟೋಲಿ ಥರದ ನಮ್ಮ ಭರವಸೆಯ ಪಿಚರ್‌ಗಳು, ಜೊತೆಗೆ ಇನ್ನೂ ಇಬ್ಬರು ಅಂತ ಶುರುವಾಗುತ್ತೆ ಮಾತು.


ಬುಲ್‌ಪೆನ್ ಬಸ್ಯ:

ಮೇಷ್ಟ್ರೇ, ಮೇ ಬಗ್ಗೆ ಒಪ್ದೆ. ಆದ್ರೆ "ದೊಡ್ಡ ಡೀಲ್ ಆಗಿದ್ರೆ ಗೆಲ್ತಿದ್ವಿ" ಅನ್ನೋ ವಾಸನೆ ಈ ಥ್ರೆಡ್‌ನಲ್ಲಿ ಬರ್ತಿದೆ ನೋಡಿ, ಅದಕ್ಕೆ ಒಂದು ಬ್ರೇಕ್ ಹಾಕ್ತೀನಿ.

ಅದೇ 2025, ಅದೇ ವಾರ, ನ್ಯೂಯಾರ್ಕ್ ಮೆಟ್ಸ್. ಅವರು ತಂದದ್ದು ರಯಾನ್ ಹೆಲ್ಸ್ಲಿ, ಟೈಲರ್ ರೋಜರ್ಸ್, ಗ್ರೆಗರಿ ಸೋಟೊ, ಸೆಡ್ರಿಕ್ ಮುಲಿನ್ಸ್. ಪತ್ರಿಕೆಗಳಲ್ಲಿ ಅವರೇ ಗೆದ್ದವರು. ಹೆಲ್ಸ್ಲಿ ಮೆಟ್ಸ್ ಪರ 20 ಇನಿಂಗ್ಸ್ ಹಾಕಿ 7.20 ಇಆರ್‌ಎ. ತಂಡ 83 ಗೆಲುವು, 79 ಸೋಲಿಗೆ ಮುಗೀತು. ಸಿನ್ಸಿನಾಟಿಯದ್ದೂ ಅಷ್ಟೇ, ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ಮೆಟ್ಸ್ ಹೊರಗೆ. ಸ್ಯಾನ್ ಡಿಯಾಗೋ ರಿಲೀವರ್ ಮೇಸನ್ ಮಿಲ್ಲರ್‌ಗೋಸ್ಕರ 18 ವರ್ಷದ ಭರವಸೆಯ ಹುಡುಗ ಲಿಯೊ ಡಿ ವ್ರೀಸ್‌ನ ಬಿಟ್ಟುಕೊಟ್ಟು ವೈಲ್ಡ್ ಕಾರ್ಡ್ ಸುತ್ತಲ್ಲೇ ಮನೆಗೆ ಹೋಯ್ತು. ಮಿಲ್ಲರ್ ಇನ್ನೂ ವರ್ಷಗಟ್ಟಲೆ ಅವರ ಹತ್ರ ಇರ್ತಾನೆ, ಆ ಸಮಾಧಾನ ಇದೆ ಅನ್ನಿ.

ಈಗ ತಿರುಗಿಸಿ ನೋಡಿ. 2021ರ ಅಟ್ಲಾಂಟಾ ಬ್ರೇವ್ಸ್. ಜುಲೈ 10ಕ್ಕೆ ಅವರ ಔಟ್‌ಫೀಲ್ಡರ್ ರೊನಾಲ್ಡ್ ಅಕುನ್ಯಾ ಮೊಣಕಾಲು ಹೋಯ್ತು. ಡೆಡ್‌ಲೈನ್ ಹೊತ್ತಿಗೆ ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. ಅವರು ಮಾಡಿದ್ದೇನು? ಒಬ್ಬ ದೊಡ್ಡ ಹೆಸರಿನವನೂ ಇಲ್ಲ. ಔಟ್‌ಫೀಲ್ಡ್‌ನಲ್ಲಿ ತೂತು ಬಿದ್ದಿತ್ತು, ಅದಕ್ಕೆ ನಾಲ್ಕು ತೇಪೆ: ಜಾಕ್ ಪೀಡರ್ಸನ್, ಆಡಮ್ ಡುವಾಲ್, ಹೊರ್ಹೆ ಸೊಲೇರ್, ಎಡ್ಡಿ ರೊಸಾರಿಯೊ. ರೊಸಾರಿಯೊಗೆ ಕೊಟ್ಟ ಬೆಲೆ ಕೇಳಿದ್ರೆ ನಗು ಬರುತ್ತೆ. ಪಾಬ್ಲೊ ಸ್ಯಾಂಡೊವಲ್, ಅವನನ್ನ ಕ್ಲೀವ್‌ಲ್ಯಾಂಡ್ ತಕ್ಷಣವೇ ಬಿಟ್ಟುಬಿಡ್ತು. ರೊಸಾರಿಯೊ ಆಗ ಗಾಯಾಳು ಪಟ್ಟಿಯಲ್ಲಿದ್ದ ಬೇರೆ! ಅಕ್ಟೋಬರ್‌ನಲ್ಲಿ ಅವನೇ ನ್ಯಾಷನಲ್ ಲೀಗ್ ಫೈನಲ್‌ನ ಸರಣಿಶ್ರೇಷ್ಠ, ಸೊಲೇರ್ ವರ್ಲ್ಡ್ ಸೀರೀಸ್‌ನ ಸರಣಿಶ್ರೇಷ್ಠ. 88 ಪಂದ್ಯ ಗೆದ್ದ ತಂಡ ಚಾಂಪಿಯನ್.

ಅದೃಷ್ಟ ಅಂತೀರಾ? ಇರಬಹುದು. ಆದ್ರೆ ನಾಲ್ವರೂ ಒಂದೇ ತೂತಿಗೆ ಬಂದವರು. ನಾಲ್ಕರಲ್ಲಿ ಎರಡು ಗಟ್ಟಿಯಾಗಿ ಹತ್ತಿದ್ರೂ ಸಾಕಿತ್ತು. ಬಾಸ್ಟನ್ ತೂತು ಎರಡನೇ ಸ್ಟಾರ್ಟರ್‌ದು. ಅದಕ್ಕೆ ತಂದದ್ದು ಒಂದೇ ತೇಪೆ, ಅದೂ ಸವೆದ ಬಟ್ಟೆ. ಸಣ್ಣ ಡೀಲ್ ಮಾಡೋದು ತಪ್ಪಲ್ಲ ಗುರು, ಒಂದೇ ಒಂದು ಮಾಡಿ ಕೂತದ್ದು ತಪ್ಪು.


ಹಸಿರುಗೋಡೆ:

ಬಸ್ಯ, ಬ್ರೇವ್ಸ್ ಉದಾಹರಣೆ ಒಪ್ಪಿದೆ. ಆದ್ರೆ ಒಂದು ಅನುಮಾನ. ಸ್ಟಾರ್ಟರ್ ಒಂದೇ ತೂತಾಗಿತ್ತಾ? ಮೇ 2ಕ್ಕೆ ಟ್ರಿಸ್ಟನ್ ಕಾಸಸ್ ಮೊಣಕಾಲಿನ ಸ್ನಾಯುರಜ್ಜು ಹರಿದ ಮೇಲೆ ಮೊದಲ ಬೇಸ್‌ಗೆ ಟೋರೊ, ರೋಮಿ ಗೊನ್ಸಾಲೆಸ್ ಅಂತ ಜೋಡಿಸಿಕೊಂಡು ಹೋದ್ರು. ಡೆಡ್‌ಲೈನ್‌ನಲ್ಲಿ ಅಲ್ಲಿಗೆ ಯಾರೂ ಬರ್ಲಿಲ್ಲ. ಆಮೇಲೆ ಆಗಸ್ಟ್‌ನಲ್ಲಿ ನೇಥನಿಯಲ್ ಲೋ ಬಂದ. ಡೆಡ್‌ಲೈನ್ ಮುಗಿದ ಮೇಲೆ ಹೇಗೆ ಬಂದ? ಇದು ನಿಯಮದಲ್ಲಿ ಹೇಗೆ ನಡೆಯುತ್ತೆ?


ಧಾರವಾಡ ಡಗೌಟ್:

ಡೆಡ್‌ಲೈನ್ ಮುಗೀತಂದ್ರ ಎಲ್ಲಾ ಮುಗೀತು ಅಂತ ತಿಳ್ಕೊಂಡಾರ ಭಾಳ ಮಂದಿ. ಹಂಗಿಲ್ರೀ. ಬಂದ್ ಆಗೂದು ಟ್ರೇಡ್ ಅಷ್ಟ. ಆಟಗಾರ ಬರೂ ದಾರಿ ಇನ್ನೂ ಎರಡು ಮೂರು ಅದಾವ.

ಲೋ ಬಂದದ್ದು ಹಿಂಗ. ವಾಷಿಂಗ್ಟನ್ ನ್ಯಾಷನಲ್ಸ್ ಅವನ್ನ ಡಿಎಫ್‌ಎ ಮಾಡಿದ್ರು, ಅಂದ್ರ 40 ಮಂದಿ ಪಟ್ಟಿಯಿಂದ ಕಿತ್ತು ಹೊರಗಿಟ್ರು. ಹಂಗ ಇಟ್ಟ ಮ್ಯಾಲೆ 7 ದಿನದಾಗ ಏನರ ಒಂದು ತೀರ್ಮಾನ ಆಗಬೇಕು. ಡೆಡ್‌ಲೈನ್ ಮುಂಚೆ ಆದ್ರ ಟ್ರೇಡ್ ಮಾಡಬಹುದು. ಆಮ್ಯಾಲ ಆದ್ರ ವೇವರ್ಸ್‌ಗೆ ಹಾಕಬೇಕು ಇಲ್ಲಾ ಬಿಟ್ಟುಬಿಡಬೇಕು. ವೇವರ್ಸ್‌ನಾಗ ಯಾರರ ಎತ್ಕೊಂಡ್ರ ಪೂರ್ತಿ ಉಳಿದ ಪಗಾರ ಅವರ ತಲಿ ಮ್ಯಾಲೆ. ಲೋ ಪಗಾರ ವರ್ಷಕ್ಕ 10.3 ಮಿಲಿಯನ್ ಡಾಲರ್, ಯಾರೂ ಮುಟ್ಟಲಿಲ್ಲ. ಬಿಡುಗಡೆ ಆದ. ಈಗ ಕರಾಮತ್ತು ನೋಡ್ರಿ: ಬಿಡುಗಡೆ ಆದವನ್ನ ಕರಕೊಂಡ ತಂಡ ಕೊಡೂದು ಕನಿಷ್ಠ ಪಗಾರದ ಉಳಿದ ಪಾಲು ಅಷ್ಟ. 2025ರ ಕನಿಷ್ಠ 7,60,000 ಡಾಲರ್ ಇಡೀ ವರ್ಷಕ್ಕ. ಆಗಸ್ಟ್ 18ಕ್ಕ ಸಹಿ ಆತಂದ್ರ ಅದರಾಗ ಕಾಲು ಭಾಗದ ಆಜೂಬಾಜು. ಉಳಿದದ್ದೆಲ್ಲಾ ವಾಷಿಂಗ್ಟನ್‌ನವರ ಕಿಸೆದಿಂದ. ಬಾಸ್ಟನ್ ಒಬ್ಬ ಪ್ರಾಸ್ಪೆಕ್ಟ್‌ನೂ (ಭರವಸೆಯ ಹುಡುಗನ್ನ) ಕೊಡಲಿಲ್ಲ.

ಅದಕ್ಕ ಡೆಡ್‌ಲೈನ್ ದಿನ ಮೊದಲ ಬೇಸ್ ಖಾಲಿ ಬಿಟ್ಟದ್ದು ನನಗೇನ್ ಅಷ್ಟು ದೊಡ್ಡ ತಪ್ಪು ಅನ್ನಸಂಗಿಲ್ಲ. ಬ್ಯಾಟರ್‌ಗಳು ಆಗಸ್ಟ್‌ನಾಗ ಬಿಟ್ಟಿ ಬಿದ್ದಿರ್ತಾರ. ಸ್ಟಾರ್ಟರ್ ಬೀಳಂಗಿಲ್ಲ! ಚೊಲೋ ಪಿಚರ್‌ನ ಯಾರೂ ಬಿಡಂಗಿಲ್ಲ, ಬಿಟ್ರಂದ್ರ ಅವನ ತೋಳು ನೋಡಿಕೊಳ್ರಿ. ಬಾಸ್ಟನ್‌ನವರ ಆಗಸ್ಟ್ 29ಕ್ಕ ವಾಕರ್ ಬ್ಯೂಲರ್‌ನ ಬಿಟ್ರು, 21.05 ಮಿಲಿಯನ್ ಕೊಟ್ಟು ತಂದವನ್ನ, 5.45 ಇಆರ್‌ಎ ಮಾಡಿಕೊಂಡು ಕುಂತಿದ್ದ.

ಇನ್ನ ತಾರೀಖು ಒಂದು ತಲ್ಯಾಗ ಇಟಗೊಳ್ರಿ: ಆಗಸ್ಟ್ 31, ರಾತ್ರಿ 11:59. ಅಷ್ಟರಾಗ ತಂಡದಾಗ ಇದ್ದವರಿಗಷ್ಟ ಪ್ಲೇಆಫ್ ಆಡೂ ಅರ್ಹತೆ. ಸೆಪ್ಟೆಂಬರ್ 1ಕ್ಕ ಹೊರಗಿಂದ ತಂದ್ರ ಅಕ್ಟೋಬರ್‌ನಾಗ ಬೆಂಚ್ ಮ್ಯಾಲೂ ಕುಂದ್ರಂಗಿಲ್ಲ. ಅರ್ಲಿದು ಬ್ಯಾರೆ ಪ್ರಕರಣ, ಅವ ಸೆಪ್ಟೆಂಬರ್‌ನಾಗ ಮ್ಯಾಲೆ ಬಂದ್ರೂ ಮೊದಲಿಂದ ಅವರ ಸಂಸ್ಥೆ ಒಳಗ ಇದ್ದ ಹುಡುಗ. ಗಾಯಾಳು ಬದಲಿ ಅಂತ ಅಂಥವರನ್ನ ಸೇರಿಸಲಿಕ್ಕ ಬರ್ತದ.

ಆದ್ರ ಒಂದ್ ಮಾತು ಹೇಳಲೇಬೇಕು. ಅಕ್ಟೋಬರ್ 2ರ ಪಂದ್ಯದ ನಾಲ್ಕನೇ ಇನಿಂಗ್ಸ್‌ನಾಗ ಯಾಂಕೀಸ್ 4 ರನ್ ಹೊಡದ್ರಲ್ಲ, ಅದರಾಗ ಮೊದಲ ಬೇಸ್‌ನಾಗ ಚೆಂಡು ಲೋ ಕೈಗೆ ಸಿಗದ ಹೋದದ್ದೂ ಅದ. ಅಗ್ಗದ ತೇಪೆ ಅಲ್ಲೇ ಬಿಚ್ಚಿತು ಅಂತ ನೀವು ಅಂದ್ರ ನಾ ವಾದ ಮಾಡಂಗಿಲ್ಲ.


ಸ್ಕೋರ್‌ಶೀಟ್ ಸುಬ್ಬಿ:

ಹಸಿರುಗೋಡೆಯವರ ಮೂರನೇ ಪ್ರಶ್ನೆ ಹಾಗೇ ಉಳಿದಿದೆ. ಡೀಲ್ ಸುದ್ದಿ ಬಂದ ಅರ್ಧ ಗಂಟೆಯಲ್ಲಿ ಏನು ನೋಡಬೇಕು ಅಂತ.

ಇಆರ್‌ಎ ನೋಡಬೇಡಿ. ಅದನ್ನ ಕೊನೆಗೆ ನೋಡಿ. ಮೊದಲು ಅವನ ಒಪ್ಪಂದ ಯಾವಾಗ ಮುಗಿಯುತ್ತೆ ನೋಡಿ. ಮೇಜರ್ ಲೀಗ್ ಪಟ್ಟಿಯಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ, ಅಂಥ 6 ವರ್ಷ ತುಂಬಿದ್ರೆ ಫ್ರೀ ಏಜೆಂಟ್, ಯಾವ ತಂಡಕ್ಕಾದ್ರೂ ಹೋಗಬಹುದು. ಮೇ, ಮ್ಯಾಟ್ಸ್ ಇಬ್ಬರೂ 2025ರ ಕೊನೆಗೆ ಬಿಡುಗಡೆ ಆಗೋರು. ಸೀಸನ್ ನಡುವೆ ತಂಡ ಬದಲಿಸಿದವನಿಗೆ ಕ್ವಾಲಿಫೈಯಿಂಗ್ ಆಫರ್ (ನಿಗದಿತ ಮೊತ್ತದ ಒಂದು ವರ್ಷದ ಒಪ್ಪಂದ) ಕೊಡೋ ಹಾಗಿಲ್ಲ, ಹಾಗಾಗಿ ಅವನು ಬೇರೆ ಕಡೆ ಹೋದಾಗ ಪರಿಹಾರದ ಡ್ರಾಫ್ಟ್ ಪಿಕ್ ಕೂಡ ಇಲ್ಲ. ಬಾಡಿಗೆ ಅಂದ್ರೆ ಪೂರ್ತಿ ಬಾಡಿಗೆ, ಅಡ್ವಾನ್ಸ್ ವಾಪಸ್ ಬರಲ್ಲ. ಎರಡು ತಿಂಗಳ ಸ್ಟಾರ್ಟರ್ ಅಂದ್ರೆ ಹೆಚ್ಚೆಂದರೆ ಹತ್ತು ಹನ್ನೊಂದು ಪಂದ್ಯ. ಆ ಹತ್ತು ಪಂದ್ಯಕ್ಕೆ ಟಿಬ್ಸ್. 2024ರ ಡ್ರಾಫ್ಟ್‌ನಲ್ಲಿ 13ನೇ ಆಯ್ಕೆ ಅವನು. ಎರ್‌ಹಾರ್ಡ್ ಅದೇ ವರ್ಷದ ನಾಲ್ಕನೇ ಸುತ್ತಿನವನು. ದುಡ್ಡಿನ ಲೆಕ್ಕದಲ್ಲಿ ಮೇ ತುಂಬಾ ಅಗ್ಗ: ವರ್ಷದ ಸಂಬಳ 2.135 ಮಿಲಿಯನ್, ಉಳಿದ ಮೂರನೇ ಒಂದು ಭಾಗ ಅಂದ್ರೆ 0.7 ಮಿಲಿಯನ್ ಚಿಲ್ಲರೆ. ಸಂಬಳ ಕಮ್ಮಿ ಇದ್ದಷ್ಟೂ ಹುಡುಗರ ರೂಪದಲ್ಲಿ ಬೆಲೆ ಜಾಸ್ತಿ ಕೇಳ್ತಾರೆ. "ಓನರ್ ಜಿಪುಣ" ಅನ್ನೋರು ಇದನ್ನ ತಪ್ಪಿಸಿಕೊಳ್ತಾರೆ. ಹಣ ಉಳಿಸಿದ್ದಕ್ಕೆ ಪ್ರತಿಯಾಗಿ ಪ್ರಾಸ್ಪೆಕ್ಟ್ ಹೋಯ್ತು.

ಆಮೇಲೆ ವೇಗ. ಬೇಸ್‌ಬಾಲ್ ಸಾವಂಟ್ ತಾಣದಲ್ಲಿ ಪಿಚರ್ ಹೆಸರು ಹಾಕಿ, ಪ್ರತಿ ಎಸೆತದ ಸರಾಸರಿ ವೇಗ ವರ್ಷವಾರು, ತಿಂಗಳವಾರು ಸಿಗುತ್ತೆ. ಮೇಯ ಸಿಂಕರ್ 2020ರಲ್ಲಿ ಗಂಟೆಗೆ 98 ಮೈಲಿ ಆಸುಪಾಸು, ನಮ್ಮ ಭಾಷೆಯಲ್ಲಿ 158 ಕಿ.ಮೀ. 2025ರಲ್ಲಿ 95ರ ಆಸುಪಾಸು, ಸುಮಾರು 153. ಮೂರು ಮೈಲಿ ಅಂದ್ರೆ ಏನು ಮಹಾ ಅನ್ನಬೇಡಿ. ಸಿಂಕರ್ ಒಳಕ್ಕೆ ಕುಸಿಯೋ ಎಸೆತ. ವೇಗ ಇಳಿದ್ರೆ ಬ್ಯಾಟರ್‌ಗೆ ಅದರ ಕೆಳಗೆ ಬ್ಯಾಟ್ ತರೋಕೆ ಸಮಯ ಸಿಗುತ್ತೆ, ನೆಲಕ್ಕೆ ಬೀಳಬೇಕಾದ್ದು ಗಾಳಿಗೆ ಏಳುತ್ತೆ. ಬಾಸ್ಟನ್ ಮೈದಾನ ಫೆನ್ವೇಯಲ್ಲಿ ಎಡಗಡೆ ಗೋಡೆ 37 ಅಡಿ ಎತ್ತರ ಇದ್ದರೂ ದೂರ ಬರೀ 310 ಅಡಿ. ಬೇರೆ ಮೈದಾನದಲ್ಲಿ ಕ್ಯಾಚ್ ಆಗೋದು ಇಲ್ಲಿ ಗೋಡೆಗೆ ಬಡಿದು ಡಬಲ್, ಅಂದ್ರೆ ಬ್ಯಾಟರ್ ಎರಡನೇ ಬೇಸ್‌ಗೆ.

ಮೂರನೇದು ಇನಿಂಗ್ಸ್ ಹೊರೆ, ಮೇಷ್ಟ್ರು ಚೆನ್ನಾಗಿ ಹೇಳಿದ್ದಾರೆ. ಅದಕ್ಕೊಂದು ಬಾಲ ಸೇರಿಸ್ತೀನಿ: ವೈದ್ಯಕೀಯ ದಾಖಲೆ ಎರಡೂ ಕಡೆಯವರು ನೋಡಿಯೇ ಡೀಲ್ ಖಾಯಂ ಆಗೋದು. 2015ರಲ್ಲಿ ಮೆಟ್ಸ್ ಮಿಲ್ವಾಕಿಯ ಕಾರ್ಲೊಸ್ ಗೋಮೆಸ್‌ನ ತರೋ ಮಾತು ಮುಗಿದೇಹೋಯ್ತು ಅನ್ನುವಾಗ ಈ ಹಂತದಲ್ಲೇ ಮುರೀತು, ಎರಡು ದಿನಕ್ಕೆ ಯೊಯೆನಿಸ್ ಸೆಸ್ಪೆಡೆಸ್ ಬಂದ, ತಂಡ ವರ್ಲ್ಡ್ ಸೀರೀಸ್‌ಗೆ ಹೋಯ್ತು. ಅಂದ್ರೆ ಮೇಯ ಮೊಣಕೈ ಇತಿಹಾಸ ಬಾಸ್ಟನ್‌ಗೆ ಗೊತ್ತಿಲ್ಲದೆ ಇರ್ಲಿಲ್ಲ. ಗೊತ್ತಿದ್ದೇ ಕೊಂಡರು.

ರಿಲೀವರ್ ಆದ್ರೆ ನೋಡೋ ಜಾಗ ಬೇರೆ. 2020ರಿಂದ ಬಂದವನು ಕನಿಷ್ಠ ಮೂರು ಬ್ಯಾಟರ್‌ಗೆ ಎಸೆಯಬೇಕು, ಇಲ್ಲಾ ಆ ಅರ್ಧ ಇನಿಂಗ್ಸ್ ಮುಗಿಸಬೇಕು. ಎಡಗೈ ಬ್ಯಾಟರ್ ಒಬ್ಬನಿಗೆ ಅಂತ ಎಡಗೈಯವನನ್ನ ಕರೆದು ವಾಪಸ್ ಕಳಿಸೋ ಆಟ ಮುಗೀತು. ಹಾಗಾಗಿ ಎಡಗೈ ರಿಲೀವರ್ ಬಲಗೈ ಬ್ಯಾಟರ್‌ಗಳ ಎದುರು ಹೇಗೆ ಅನ್ನೋದೇ ಮುಖ್ಯ. ಮ್ಯಾಟ್ಸ್ ವರ್ಷಗಟ್ಟಲೆ ಸ್ಟಾರ್ಟರ್ ಆಗಿದ್ದವನು, ಎರಡೂ ಕೈಯವರಿಗೆ ಎಸೆದು ಅಭ್ಯಾಸ, ಬೇಕಾದ್ರೆ ಎರಡು ಇನಿಂಗ್ಸ್ ನಿಲ್ತಾನೆ. ಒಂಬತ್ತನೇ ಇನಿಂಗ್ಸ್‌ಗೆ ಚಾಪ್‌ಮನ್ ಇದ್ದ, ಆ ವರ್ಷ 1.17 ಇಆರ್‌ಎ. ಅವನ ಹಿಂದಿನ ಆರು, ಏಳು, ಎಂಟನ್ನ ದಾಟಿಸೋಕೆ ಒಬ್ಬ ಬೇಕಿತ್ತು. ಮ್ಯಾಟ್ಸ್ ಅಲ್ಲಿಗೆ ಸರಿಯಾಗಿ ಕೂತ.

ರಿಲೀವರ್ ಬಾಡಿಗೆಗೆ ಎಷ್ಟು ಕೊಡಬಾರದು ಅನ್ನೋಕೆ ಬಾಸ್ಟನ್ ಅಭಿಮಾನಿಗಳಿಗೆ ಪಾಠ ಹೇಳಬೇಕಿಲ್ಲ. 1990ರ ಆಗಸ್ಟ್ ಕೊನೆಗೆ ಲ್ಯಾರಿ ಆಂಡರ್ಸನ್‌ನ ತಂದರು. 22 ಇನಿಂಗ್ಸ್, 1.23 ಇಆರ್‌ಎ, ಡಿವಿಷನ್ ಗೆದ್ದರು. ಕೆಲಸ ಅಚ್ಚುಕಟ್ಟು. ಕೊಟ್ಟಿದ್ದು ಜೆಫ್ ಬ್ಯಾಗ್‌ವೆಲ್. 449 ಹೋಮ್ ರನ್, 2017ರಲ್ಲಿ ಹಾಲ್ ಆಫ್ ಫೇಮ್, ಎಲ್ಲಾ ಹ್ಯೂಸ್ಟನ್‌ಗೆ.

ಇದೇ ತಂಡದ ಇನ್ನೊಂದು ಡೆಡ್‌ಲೈನ್, 2004ರ ಜುಲೈ 31. ಆ ದಿನ ಎಲ್ಲರ ಕಣ್ಣು ತಂಡದ ತಾರೆ ನೋಮಾರ್ ಗಾರ್ಸಿಯಪಾರಾನ ಮಾರಿದ್ದರ ಮೇಲೆ. ಪುಟದ ಕೆಳಗೆ ಒಂದು ಸಾಲು: ಡಾಡ್ಜರ್ಸ್‌ನಿಂದ ಡೇವ್ ರಾಬರ್ಟ್ಸ್, ಬದಲಿಗೆ ಹೆನ್ರಿ ಸ್ಟ್ಯಾನ್ಲಿ. ಓಡೋದು ಬಿಟ್ಟರೆ ಅವನಿಂದ ಹೆಚ್ಚೇನೂ ನಿರೀಕ್ಷೆ ಇರ್ಲಿಲ್ಲ. ಅಕ್ಟೋಬರ್ 17ರ ರಾತ್ರಿ, ಯಾಂಕೀಸ್ ಸರಣಿಯಲ್ಲಿ 3-0 ಮುಂದೆ, ಪಂದ್ಯದಲ್ಲಿ 4-3 ಮುಂದೆ, ಒಂಬತ್ತನೇ ಇನಿಂಗ್ಸ್, ಮೌಂಡ್ ಮೇಲೆ ಮರಿಯಾನೊ ರಿವೆರಾ. ಕೆವಿನ್ ಮಿಲಾರ್ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗೋ ಮೊದಲ ಬೇಸ್) ಪಡೆದ, ಅವನ ಬದಲು ಓಡೋಕೆ ರಾಬರ್ಟ್ಸ್. ರಿವೆರಾ ಮತ್ತೆ ಮತ್ತೆ ಮೊದಲ ಬೇಸ್‌ಗೆ ಎಸೆದು ಹೆದರಿಸಿದ. ಬ್ಯಾಟರ್‌ಗೆ ಹಾಕಿದ ಮೊದಲ ಎಸೆತಕ್ಕೇ ರಾಬರ್ಟ್ಸ್ ಓಡಿದ, ಕ್ಯಾಚರ್ ಪೊಸಾಡಾ ಎಸೆತ ಬರೋ ಹೊತ್ತಿಗೆ ಕೈ ಬೇಸ್ ಮೇಲಿತ್ತು. ಬಿಲ್ ಮ್ಯೂಲರ್ ಸಿಂಗಲ್, ಸಮಬಲ. ಆ ಪಂದ್ಯ, ಆ ಸರಣಿ, ಕೊನೆಗೆ ವರ್ಲ್ಡ್ ಸೀರೀಸ್ ಕೂಡ ಬಾಸ್ಟನ್ ಗೆದ್ದಿತು. ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ ರಾಬರ್ಟ್ಸ್ ಒಂದು ಸಲವೂ ಬ್ಯಾಟ್ ಹಿಡೀಲಿಲ್ಲ.

ಹಾಗಂತ ಪ್ರತಿ ಸಣ್ಣ ಡೀಲ್‌ಗೂ ರಾಬರ್ಟ್ಸ್ ಹೆಸರು ಹೇಳಿ ಸಮರ್ಥಿಸೋದು ನನಗೆ ಆಗಲ್ಲ. ಅಲ್ಲಿ ಕೆಲಸ ಏನು ಅಂತ ತಂದವರಿಗೆ ಗೊತ್ತಿತ್ತು: ಕೊನೇ ಇನಿಂಗ್ಸ್‌ನಲ್ಲಿ ಒಂದು ಬೇಸ್ ಕದಿಯೋದು. ಮೇಯ ಕೆಲಸ ಏನು ಅಂತ ಕೇಳಿದ್ರೆ "ಇನಿಂಗ್ಸ್ ತುಂಬೋದು" ಅಂತಷ್ಟೇ ಉತ್ತರ ಬರುತ್ತೆ. ಇನಿಂಗ್ಸ್ ತುಂಬೋದನ್ನ ವೂಸ್ಟರ್‌ನಿಂದ ಹುಡುಗರನ್ನ ಕರೆದೂ ಮಾಡಬಹುದಿತ್ತು, ಕೊನೆಗೆ ಮಾಡಿದ್ದೂ ಅದನ್ನೇ.


ಹಸಿರುಗೋಡೆ:

ಎಲ್ಲರಿಗೂ ಥ್ಯಾಂಕ್ಸ್. ಸುಬ್ಬಿ ಅವರೇ, ಸಾವಂಟ್‌ನಲ್ಲಿ ಈಗಷ್ಟೇ ತೆಗೆದು ನೋಡಿದೆ, ವೇಗದ ಗೆರೆ ನೀವು ಹೇಳಿದ ಹಾಗೇ ಇಳಿದಿದೆ. ಒಂದೇ ಒಂದು ಉಳೀತು: ಯಾಂಕೀಸ್ ವಿರುದ್ಧದ ಆ ಮೂರನೇ ಪಂದ್ಯಕ್ಕೆ ನಮ್ಮ ಸ್ಟಾರ್ಟರ್ ಜಿಯೊಲಿಟೊ ಇದ್ದಿದ್ರೆ ಈ ಥ್ರೆಡ್ಡೇ ಇರ್ತಿರ್ಲಿಲ್ಲ ಅಲ್ವಾ?


ಲೆಕ್ಕದ ಮೇಷ್ಟ್ರು:

ಇರ್ತಿತ್ತು, ಸ್ವಲ್ಪ ಚಿಕ್ಕದಾಗಿ. ಜಿಯೊಲಿಟೊ 10 ಗೆಲುವು, 4 ಸೋಲು, 3.41 ಇಆರ್‌ಎ, ಸೆಪ್ಟೆಂಬರ್ ಕೊನೆಗೆ ಮೊಣಕೈ ಕೈಕೊಟ್ಟಿತು. ಆದ್ರೆ ಅವನೂ 2024 ಪೂರ್ತಿ ಮೊಣಕೈ ಶಸ್ತ್ರಚಿಕಿತ್ಸೆಯಿಂದ ಆಡಿರದವನು. ಉಳಿದ ಸ್ಟಾರ್ಟರ್‌ಗಳಲ್ಲಿ ಹೌಕ್ ಗಾಯಾಳಾಗಿ ಹೋಗಿದ್ದ, ಕ್ರಾಫರ್ಡ್ ವರ್ಷವಿಡೀ ಇಲ್ಲ, ಜುಲೈನಲ್ಲಿ ಡಾಬಿನ್ಸ್ ಮೊಣಕಾಲು. ಜುಲೈ 31ಕ್ಕೆ ಈ ಪಟ್ಟಿ ಹಿಡಿದು ಕೂತವರಿಗೆ ಕ್ರೋಷೆ, ಬೆಯೊ ಬಿಟ್ಟರೆ ಅಕ್ಟೋಬರ್‌ಗೆ ಮೂರನೆಯವನು ಉಳೀತಾನಾ ಅನ್ನೋ ಪ್ರಶ್ನೆ ಎದುರಿಗೇ ಇತ್ತು. ಅದಕ್ಕೆ ಇನ್ನೊಂದು ಮೊಣಕೈ ಸಮಸ್ಯೆಯವನನ್ನೇ ತಂದು ಉತ್ತರ ಬರೆದರು.

ಅರ್ಲಿ ಆ ದಿನ ಮೊದಲ ಮೂರು ಇನಿಂಗ್ಸ್ ಸೊನ್ನೆ ಕೊಟ್ಟ, ಅದನ್ನೂ ಬರೆದಿಡಿ. ನಾಲ್ಕನೇದರಲ್ಲಿ ಬಿದ್ದದ್ದು 4 ರನ್. ಎದುರಿಗೆ ಕ್ಯಾಮ್ ಶ್ಲಿಟ್ಲರ್, ಅವನೂ ಅದೇ ವರ್ಷ ಬಂದ ಹೊಸಬ, ಬಾಸ್ಟನ್ ಪಕ್ಕದ ವಾಲ್‌ಪೋಲ್ ಊರಿನ ಹುಡುಗ ಬೇರೆ. 8 ಇನಿಂಗ್ಸ್, 12 ಸ್ಟ್ರೈಕ್‌ಔಟ್, ಒಂದೂ ವಾಕ್ ಇಲ್ಲ, ಒಂದೂ ರನ್ ಇಲ್ಲ. ಆ ರಾತ್ರಿ ಜೋ ರಯಾನ್ ನಮ್ಮ ಕಡೆ ಎಸೆದಿದ್ರೂ ರನ್ ಹೊಡೆಯೋಕೆ ಬೇರೆ ಯಾರಾದ್ರೂ ಬೇಕಿತ್ತು.